ಹಳೆಯ ಕಂಪ್ಯೂಟರಿಗೆ ಹಗುರವಾದ ಆಪರೇಟಿಂಗ್ ಸಿಸ್ಟಮ್: ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದ್ದು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವಿಲ್ಲದ ಯಂತ್ರಗಳು ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಲ್ಲವಾದ್ದರಿಂದ, ಅಂಥವನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಬೇಕೆಂದು ಕೋರುತ್ತೇನೆ.

ಲಿನಕ್ಸ್‌ನ ಹಲವು ರೂಪಗಳಲ್ಲಿ ಯಾವುದು ಸೂಕ್ತವೆಂಬ ಆಯ್ಕೆಯನ್ನು ನಿರ್ಧರಿಸುವುದು ಮುಖ್ಯವಾಗಿ ಕಂಪ್ಯೂಟರಿನ ತಾತ್ಕಾಲಿಕ ಸ್ಮರಣೆಯಾದ ರ‍್ಯಾಮ್. 4 ಜಿಬಿ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯೇ ನನ್ನ ಮೊದಲ ಸಲಹೆ. ವಿಂಡೋಸ್ ಬಳಸಿದವರಿಗೆ ಅದರ ಮೆನು ಹೊಸದೆನಿಸುವುದಿಲ್ಲ. 2 ಜಿಬಿ ಮಾತ್ರ ಇದ್ದಲ್ಲಿ ಲುಬುಂಟು ಎಂಬ ಮತ್ತೊಂದು ರೂಪವನ್ನು ಪ್ರಯತ್ನಿಸಬಹುದು. ಇವೆರಡರ ಹೊಸ ಆವೃತ್ತಿಗಳು 64 ಬಿಟ್ ಪ್ರೊಸೆಸರಿಗೆ ಮಾತ್ರ ದೊರೆಯುವುದರಿಂದ, ಹಳೆಯ ಬಗೆಯ 32 ಬಿಟ್ ಯಂತ್ರವುಳ್ಳವರು ಲಿನಕ್ಸ್‌ನ ಇನ್ನೊಂದು ರೂಪವಾದ ಆಂಟಿಎಕ್ಸ್ 23 ಅನ್ನು ಪರಿಶೀಲಿಸಬೇಕು.

ಸಿಸ್ಟಮ್ ಎಷ್ಟೇ ಹಗುರವಾಗಿದ್ದರೂ ಬ್ರೌಸರ್ ಹಗುರವಾಗುವುದಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಹತ್ತು ಟ್ಯಾಬ್ ತೆರೆದರೆ 2 ಜಿಬಿ ಯಂತ್ರ ಏದುಸಿರು ಬಿಡುವುದು ಸಹಜ. ಹಾರ್ಡ್ ಡಿಸ್ಕ್ ತೆಗೆದು, ಅದಕ್ಕಿಂತ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿಸಿದರೆ ಸಿಗುವ ಚುರುಕು ಯಾವ ಸಿಸ್ಟಮ್ ಬದಲಾವಣೆಯಿಂದಲೂ ಸಿಗದು.

ಮೊದಲು ಪೆನ್ ಡ್ರೈವ್‌ನಿಂದ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆಯೇ, ಚಾಲನೆ ಮಾಡಿ, ವೈಫೈ, ಧ್ವನಿ ಮತ್ತು ಪ್ರಿಂಟರ್ ಸರಿಯಾಗಿವೆಯೇ ಎಂದು ಪರೀಕ್ಷಿಸಿಕೊಳ್ಳಿರಿ. ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ತಂತ್ರಾಂಶ ಬಳಸಬಹುದು. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಅಳಿಸಿಹೋಗುವ ಸಾಧ್ಯತೆಯಿರುವುದರಿಂದ, ಫೋಟೊ ಹಾಗೂ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಂಡ ನಂತರವೇ ಮುಂದುವರಿಯತಕ್ಕದ್ದು.