ಏಟು ಯಾರಿಗೆ, ನಗು ಯಾರ ಮೇಲೆ?

ಮಾನ್ಯರೇ,

ಆ್ಯಕ್ಷನ್-ಕಾಮಿಡಿ ಚಿತ್ರದ ಮಾತು ಬಂದರೆ ಎರಡು ತಲೆಮಾರುಗಳಿಗೆ ಜಟಾಪಟಿ ಖಚಿತ. ‘ಈಗಿನ ಹೀರೊ ಅಳುತ್ತಾನೆ, ಹೆದರುತ್ತಾನೆ, ಇವನೆಂಥ ಗಂಡಸು’ ಎಂದು ಹಿರಿಯರು. ‘ನಿಮ್ಮ ಹೀರೊ ಹೆಂಗಸರನ್ನು ಗೇಲಿ ಮಾಡಿಯೇ ಗಂಡಸಾದ’ ಎಂದು ಕಿರಿಯರು. ಇಬ್ಬರೂ ಹಿಡಿದುಕೊಂಡಿರುವುದು ಕಥೆ, ಡೈಲಾಗುಗಳನ್ನು. ಇಂಥ ಚಿತ್ರದ ಗಂಡಸುತನ ಬಹುಪಾಲು ತೀರ್ಮಾನವಾಗುವುದು ಫೈಟ್ ಮತ್ತು ಎಡಿಟಿಂಗ್‌ನಲ್ಲಿ.

ಒಂದು ಗುದ್ದನ್ನೇ ನೋಡಿ. ಮುಷ್ಟಿ ತಾಗಿದ ಕೂಡಲೇ ಶಾಟ್ ಕತ್ತರಿಸಿ, ಹಾರಿ ಬೀಳುವ ವಿಲನ್‌ನನ್ನು ತೋರಿಸಿದರೆ ಹೀರೊನ ಕೈಗೆ ನೋವೇ ಇಲ್ಲದಂತಾಗುತ್ತದೆ. ಅದೇ ಶಾಟ್ ಇನ್ನೊಂದು ಅರ್ಧ ಸೆಕೆಂಡ್, ಅಂದರೆ 12 ಫ್ರೇಮ್ (ಬಿಡಿ ಚಿತ್ರ), ಓಡಿದರೆ ಅವನು ಕೈ ಕೊಡವಿಕೊಳ್ಳುವುದು ಕಾಣುತ್ತದೆ. ಜನ ನಗುತ್ತಾರೆ, ಅವನ ಧೈರ್ಯವೂ ಉಳಿಯುತ್ತದೆ. ಜಾಕಿ ಚಾನ್ ಮಾಡಿದ್ದು ಇದನ್ನೇ: ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಅಗಲ ಫ್ರೇಮಿನಲ್ಲಿ. 1985ರ ಹಾಂಗ್‌ಕಾಂಗ್ ಚಿತ್ರ ‘ಪೊಲೀಸ್ ಸ್ಟೋರಿ’ಯ ಕೊನೆಯ ಟೈಟಲ್‌ಗಳ ಜೊತೆ ಸ್ಟಂಟ್‌ಗಳಲ್ಲಿ ಆದ ಎಡವಟ್ಟುಗಳನ್ನೂ ಗಾಯಗಳನ್ನೂ ತೋರಿಸಿದರು. ನೋವು ಕಾಣಿಸಿಕೊಳ್ಳುವ ಹೀರೊ ಈ ಪೀಳಿಗೆ ಕಂಡುಹಿಡಿದದ್ದಲ್ಲ. ಹಿರಿಯರು ಅವನನ್ನು ಮರೆತಿದ್ದಾರೆ, ಕಿರಿಯರು ನೋಡಿಯೇ ಇಲ್ಲ.

ಪ್ರಾತಿನಿಧ್ಯದ ಪ್ರಶ್ನೆಯೂ ಹೀಗೆಯೇ. ಎಷ್ಟು ಹೆಂಗಸರಿದ್ದಾರೆ, ಬೇರೆ ಬಣ್ಣದವರು ಎಷ್ಟಿದ್ದಾರೆ ಎಂದು ತಲೆ ಎಣಿಸಿದರೆ ಸಾಲದು. ಜೋಕ್ ಮುಗಿದ ಮೇಲೆ ರಿಯಾಕ್ಷನ್ ಶಾಟ್, ಅಂದರೆ ಕೇಳಿದವರ ಪ್ರತಿಕ್ರಿಯೆ ತೋರಿಸುವ ಶಾಟ್, ಯಾರ ಮುಖದ್ದು? ಅವಳು ಏನೋ ಹೇಳುತ್ತಾಳೆ, ತಕ್ಷಣ ಕ್ಯಾಮೆರಾ ಹುಬ್ಬೇರಿಸಿದ ಹೀರೊ ಕಡೆ ತಿರುಗುತ್ತದೆ. ಅಲ್ಲಿಗೆ ನಗುವವನು ಅವನು, ನಗೆಪಾಟಲು ಅವಳು. ನಾಯಕಿಗೆಂದು ಇಡುವ ಫೈಟ್‌ನ ಪಾಡಂತೂ ಬೇಸರ ತರಿಸುತ್ತದೆ. ಮಧ್ಯಂತರಕ್ಕೆ ಮುಂಚೆ ಹತ್ತು ಜನರನ್ನು ಹೊಡೆದುರುಳಿಸಿದವಳು ಕ್ಲೈಮ್ಯಾಕ್ಸ್‌ನಲ್ಲಿ ಕುರ್ಚಿಗೆ ಕಟ್ಟಿಸಿಕೊಂಡು ಕೂತಿರುತ್ತಾಳೆ. ಕಥೆಯ ಹಗೆ ಹೀರೊ-ವಿಲನ್ ಮಧ್ಯೆ ಮಾತ್ರ ಹೆಣೆದಿರುವುದರಿಂದ ಅವಳ ಫೈಟ್ ಹೊರಗಿನಿಂದ ತಂದು ಅಂಟಿಸಿದ್ದಾಗಿರುತ್ತದೆ. ಆ ಫೈಟನ್ನು ತೆಗೆದು ನೋಡಿ. ಮುಂದಿನ ದೃಶ್ಯ ಒಂದಿಷ್ಟೂ ಬದಲಾಗದಿದ್ದರೆ ಅದು ಬರೀ ಅಲಂಕಾರ.

ಹೊಸಬರ ತಪ್ಪು ಬೇರೆ. ಹೆಣ್ಣನ್ನು ಗಟ್ಟಿಗಿತ್ತಿ ಮಾಡಲು ಪಕ್ಕದ ಗಂಡಸನ್ನು ಪೆದ್ದನನ್ನಾಗಿಸುತ್ತಾರೆ. ಅವಮಾನ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಯಿತು, ಅಷ್ಟೆ. 2022ರ ಇಂಗ್ಲಿಷ್ ಚಿತ್ರ ‘ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್’ ಇದನ್ನು ಚೆನ್ನಾಗಿ ನಿಭಾಯಿಸಿದೆ. ನಿರ್ದೇಶಕರು ಮೊದಲು ಮುಖ್ಯ ಪಾತ್ರಕ್ಕೆ ಮನಸ್ಸಿನಲ್ಲಿಟ್ಟುಕೊಂಡಿದ್ದು ಜಾಕಿ ಚಾನ್‌ರನ್ನು. ಆಮೇಲೆ ಅದು ನಟಿ ಮಿಶೆಲ್ ಯೋ ಪಾಲಾಯಿತು. ಗಂಡನ ಪಾತ್ರದ ಕೀ ಹ್ವೇ ಕ್ವಾನ್ ಸೊಂಟದ ಚೀಲವನ್ನೇ ಬೀಸಿ ಕಾವಲುಗಾರರನ್ನು ಕೆಡವುತ್ತಾರೆ, ಅದೇ ಚಿತ್ರದಲ್ಲಿ ಕಣ್ಣೀರಿಟ್ಟು ದಯೆ ತೋರಿ ಎಂದು ಬೇಡುತ್ತಾರೆ. ಕ್ಯಾಮೆರಾ ಆ ಕಣ್ಣೀರನ್ನು ಗೇಲಿ ಮಾಡುವುದಿಲ್ಲ. 2023ರಲ್ಲಿ ಇಬ್ಬರಿಗೂ ಆಸ್ಕರ್ ಬಂತು. ಹಾಗೆಂದು ಮಿಶೆಲ್ ಯೋ ಈ ಕಾಲದವರಲ್ಲ: 1992ರಲ್ಲೇ, ಜಾಕಿ ಚಾನ್ ನಾಯಕರಾಗಿದ್ದ ಚಿತ್ರದಲ್ಲಿ, ಓಡುವ ರೈಲಿನ ಮೇಲೆ ಬೈಕ್ ಹಾರಿಸಿದವರು.

ಚಿತ್ರವಿಮರ್ಶೆಯಲ್ಲಿ ‘ಫೈಟ್‌ಗಳು ಮೈ ನವಿರೇಳಿಸುತ್ತವೆ’ ಎಂದು ಒಂದು ಸಾಲಿನಲ್ಲಿ ಮುಗಿಸುವ ಬದಲು, ಸಾಹಸ ನಿರ್ದೇಶಕರು, ಸಂಕಲನಕಾರರು ಯಾರ ನೋವನ್ನು ತೆರೆಯ ಮೇಲೆ ಉಳಿಸಿದರು, ಯಾರದ್ದನ್ನು ಕತ್ತರಿಸಿದರು ಎಂಬುದನ್ನೂ ವಿಮರ್ಶಕರು ಬರೆಯಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ