ಕಪ್ಪತಗುಡ್ಡದಲ್ಲೂ ಇಂಥ ಕಥೆ ಹುಟ್ಟಲಿ

ಸಂಪಾದಕರೇ,

ಮೊನ್ನೆ ರಾತ್ರಿ ಮೊಮ್ಮಗಳಿಗೆ ನಾರ್ನಿಯಾ ಎಂಬ ಕಲ್ಪನೆಯ ನಾಡಿನ ಕಥೆ ಹೇಳುತ್ತಿದ್ದೆ. ತಪ್ಪು ಮಾಡಿದ ಹುಡುಗನ ಬದಲು ಅಸ್ಲಾನ್ ಎಂಬ ಸಿಂಹ ಕಲ್ಲಿನ ಮೇಜಿನ ಮೇಲೆ ಪ್ರಾಣ ಕೊಡುತ್ತದೆ, ಮತ್ತೆ ಎದ್ದು ಬರುತ್ತದೆ. ಕೌದಿಯಿಂದ ಮುಖ ಹೊರಗೆ ಹಾಕಿ ಅವಳು ಕೇಳಿದಳು, "ಅಜ್ಜೀ, ಇದು ಯೇಸುಸ್ವಾಮಿ ಕಥಿ ಹೌದಿಲ್ಲೋ?" ನಾನು ಏನೂ ವಿವರಿಸಿರಲಿಲ್ಲ. 1950ರಲ್ಲಿ ಬಂದ ಸಿ.ಎಸ್. ಲೂಯಿಸ್ ಅವರ ಆ ಪುಸ್ತಕದಲ್ಲಿ ಯೇಸುವಿನ ಹೆಸರೂ ಇಲ್ಲ.

ನಮ್ಮ ಕ್ರೈಸ್ತ ಲೇಖಕರು ಮಕ್ಕಳಿಗೆ ಬರೆಯುವಾಗ ಉಪದೇಶ ಜಾಸ್ತಿಯಾಗುತ್ತದೆ. ನಾನೂ ಚರ್ಚಿನ ಭಾನುವಾರದ ತರಗತಿಯಲ್ಲಿ ಎಷ್ಟೋ ವರ್ಷ ಅದನ್ನೇ ಮಾಡಿದೆ, ಈಗ ಬೇಸರವಾಗುತ್ತದೆ. ಕಿಟೆಲ್ 1862ರಲ್ಲೇ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದರು. ನಾವು ಕಲ್ಪನೆಯ ಕಥೆ ಕಟ್ಟಬಾರದೇ? ಯೇಸು ಹೇಳಿದ ಸಾಮ್ಯದಲ್ಲಿರುವಂತೆ, ತಪ್ಪಿಸಿಕೊಂಡ ಒಂದೇ ಒಂದು ಕುರಿಗಾಗಿ ಕುರಿ ಕಾಯುವವನೊಬ್ಬ ಕಪ್ಪತಗುಡ್ಡದಲ್ಲಿ, ಮಾತಾಡುವ ತೋಳಗಳ ನಡುವೆ, ರಾತ್ರಿಯಿಡೀ ಅಲೆಯಲಿ. ಕಂಬಳಿ ಇಬ್ಬನಿಗೆ ತೊಯ್ಯಲಿ, ಕಾಲಿಗೆ ಮುಳ್ಳು ಚುಚ್ಚಲಿ. ಕೆಳಗೆ ಬೈಬಲ್ ವಚನ ಹಾಕುವುದು ಬೇಡ. ಪುಣ್ಯಕೋಟಿ ಹಾಡು ಕೇಳಿ ಅತ್ತ ಮಕ್ಕಳು ಇವರು, ಅವರಿಗೆ ತಿಳಿಯುತ್ತದೆ.

ನಿಮ್ಮ ಮಕ್ಕಳ ಪುಟದಲ್ಲಿ ಇಂಥ ಕಥೆಗಳಿಗೆ ಜಾಗ ಕೊಡಿ.

– ನಿವೃತ್ತ ಶಿಕ್ಷಕಿ, ಬೆಟಗೇರಿ, ಗದಗ