ಎಲ್ಲ ವೈರಸ್ಸೂ ಮುಳ್ಳಿನ ಚೆಂಡಲ್ಲ

ಸಂಪಾದಕರೇ,

ಕಳೆದ ವಾರ ನಿಮ್ಮಲ್ಲಿ ಏಲಕ್ಕಿಯ ಕಟ್ಟೆ ರೋಗದ ಬಗ್ಗೆ ಬರಹ ಬಂದಿತ್ತು. ಬರಹ ಚೆನ್ನಾಗಿತ್ತು, ಚಿತ್ರ ಮಾತ್ರ ಕೊರೊನಾದ್ದು! ಶಿರಸಿ ಕಡೆ ಅಡಿಕೆ ತೋಟದ ನಡುವೆ ಏಲಕ್ಕಿ ಬೆಳೆಯುವ ನಮಗೆ ಕಟ್ಟೆ ಹೊಸದಲ್ಲ. ಎಳೆ ಎಲೆಯಲ್ಲಿ ತಿಳಿಹಸಿರು ಗೆರೆ ಎದ್ದರೆ ಬುಡಸಮೇತ ಕೀಳಬೇಕು, ಇಲ್ಲದಿದ್ದರೆ ಗಿಡಹೇನು ಅದನ್ನು ಪಕ್ಕದ ಗಿಡಕ್ಕೆ ದಾಟಿಸುತ್ತದೆ. ಕಟ್ಟೆ ತರುವ ವೈರಸ್ ಚೆಂಡಲ್ಲ, ಸುಮಾರು 700 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್) ಉದ್ದದ ಬಳುಕುವ ದಾರ. ತಂಬಾಕಿನ ಮೊಸಾಯಿಕ್ ವೈರಸ್ಸಂತೂ ನೆಟ್ಟನೆಯ ಕಡ್ಡಿ. ಉದ್ದ 300, ದಪ್ಪ ಬರೀ 18.

ಇದನ್ನು ಹೇಳಿದರೆ ಪಕ್ಕದ ಮನೆಯವರು, 'ಕಣ್ಣಿಗೇ ಕಾಣದ್ದು ಕಡ್ಡಿಯೋ ಚೆಂಡೋ ನಿಮಗೆ ಹ್ಯಾಗೆ ಗೊತ್ತು ಮಾಸ್ತರೇ?' ಅಂದರು. ಒಳ್ಳೇ ಪ್ರಶ್ನೆ, ಅಲ್ವಾ? ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಫೋಟೋ ಕೊಡುತ್ತದೆ, ಆದರೆ ಸಾಮಾನ್ಯವಾಗಿ ಒಣಗಿಸಿದ ವೈರಸ್ಸಿನದು. ನೀರಿನಲ್ಲಿ ಅದರ ಓಡಾಟ ತಿಳಿಯಬೇಕಾದರೆ ಬೆಳಕು ಬಿಡಬೇಕು. ಹಳೇ ಅಡುಗೆಮನೆಯ ಬೆಳಕಿಂಡಿಯಿಂದ ಬಿಸಿಲುಕೋಲು ಬಿದ್ದಾಗ ಧೂಳು ಮಿಣಮಿಣ ಅನ್ನುತ್ತದಲ್ಲ, ಹಾಗೇ ವೈರಸ್ ಬೆರೆಸಿದ ನೀರಿಗೆ ಲೇಸರ್ ಹಾಯಿಸಿ ಚದುರಿದ ಬೆಳಕನ್ನು ಪಕ್ಕದಿಂದ ಅಳೆಯುತ್ತಾರೆ. ನೀರಿನ ಅಣುಗಳು ಗುದ್ದಿ ಗುದ್ದಿ ವೈರಸ್ಸನ್ನು ಸುಮ್ನೆ ಇರಗೊಡುವುದಿಲ್ಲ, ಹಾಗಾಗಿ ಬೆಳಕೂ ಮಿನುಗುತ್ತದೆ. ಸಣ್ಣ ಕಣವಾದರೆ ಮಿನುಗು ಚುರುಕು, ದೊಡ್ಡದಾದರೆ ನಿಧಾನ.

ಕಡ್ಡಿಯ ಗುಟ್ಟು ಬಯಲಾಗುವುದು ಮುಂದೆ. ಚೆಂಡು ಉರುಳಿದರೂ ಒಂದೇ ಥರ ಕಾಣುತ್ತದೆ, ಕಡ್ಡಿ ಹಾಗಲ್ಲ. ಪೋಲರಾಯ್ಡ್ ಹಾಳೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುತ್ತದೆ, ಎರಡನ್ನು ಒಂದಕ್ಕೊಂದು ಅಡ್ಡವಾಗಿ ಹಿಡಿದರೆ ಬೆಳಕು ದಾಟದು. ಅಂಥ ಎರಡು ಹಾಳೆಗಳ ನಡುವೆ ಇಟ್ಟರೂ ಕಡ್ಡಿಯಿಂದ ಚೂರು ಬೆಳಕು ನುಸುಳುತ್ತದೆ, ಅದರ ಮಿನುಗಿನಲ್ಲೇ ಕಡ್ಡಿ ಎಷ್ಟು ಬೇಗ ಲಾಗ ಹಾಕುತ್ತಿದೆ ಅನ್ನುವುದು ಸಿಗುತ್ತದೆ. ತಂಬಾಕಿನ ವೈರಸ್ ದಿಕ್ಕು ಬದಲಿಸಲು ಸೆಕೆಂಡಿನ ಸಾವಿರದ ಒಂದು ಪಾಲಿನ ಆಸುಪಾಸು ಸಾಕು. ವೈರಸ್ ಬೆರೆಸಿದ ನೀರು ಮಾತ್ರ ತೆಳುವಾಗಿರಬೇಕು. ವೈರಸ್ ಜಾಸ್ತಿಯಾಗಿ ಗಟ್ಟಿಯಾದರೆ ದೇವಿಮನೆ ಘಟ್ಟದ ಮಂಜಿನಲ್ಲಿ ಹೆಡ್‌ಲೈಟ್ ಹಾಕಿದ ಹಾಗೆ, ಎಲ್ಲ ಬೆಳ್ಳಗೆ. ಧೂಳಿನ ಒಂದು ಕಣ ಬಿದ್ದರೂ ಲೆಕ್ಕ ಕೆಟ್ಟಿತು.

ಗಟ್ಟಿಯಾದಾಗಲೂ ಒಂದು ಮಜಾ ಇದೆ. ನಾಲ್ಕೇ ಅಡಿಕೆ ದಬ್ಬೆಯನ್ನು ಅಂಗಳಕ್ಕೆ ಎಸೆದರೆ ಹೇಗೆ ಬೇಕಾದರೂ ಬೀಳುತ್ತವೆ, ಜಾಸ್ತಿ ತುರುಕಬೇಕಾದರೆ ಸಾಲಾಗಿ ಜೋಡಿಸಲೇಬೇಕು. ಕಡ್ಡಿ ವೈರಸ್ಸುಗಳೂ ಯಾರೂ ಹೇಳದೆ ಹೀಗೇ ಸಾಲು ಹಿಡಿಯುತ್ತವೆ. 1936ರಲ್ಲಿ ಬಾಡೆನ್, ಪಿರಿ, ಬರ್ನಾಲ್ ಮತ್ತು ಫಾಂಕುಚೆನ್ ಎಂಬ ವಿಜ್ಞಾನಿಗಳು ತಂಬಾಕಿನ ವೈರಸ್ಸಿನಲ್ಲಿ ಇದನ್ನು ಕಂಡರು, 1949ರಲ್ಲಿ ಆನ್ಸಾಗರ್ ಎಂಬ ವಿಜ್ಞಾನಿ ಯಾಕೆಂದು ಲೆಕ್ಕ ಹಾಕಿ ತೋರಿಸಿದರು. ಬೆಳಕಿನ ಚದುರುವಿಕೆಗೆ ನೊಬೆಲ್ ತಂದ ರಾಮನ್ ಅವರ ನಾಡಿನ ಪತ್ರಿಕೆ ಇಷ್ಟನ್ನು ಬರೆದರೆ ಹುಡುಗರು ಓದಿಯಾರು.

ಮುಂದಿನ ಸಲ ಚೆಂಡು ಬೇಡ, ಕಟ್ಟೆ ಬಿದ್ದ ಎಲೆಯ ಫೋಟೋ ಹಾಕಿ. ನಮ್ಮ ತೋಟಕ್ಕೆ ಬನ್ನಿ, ಬೇಕಾದಷ್ಟಿದೆ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಶಿರಸಿ